ಸೋಡಾ ಐಸ್ ಟೀ: ನಾನು ಮಾಡುವ ಬಗೆ

ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಾಲ್ಕರ ಬಿಸಿ ಟೀ ನಮ್ಮ ಮೈಸೂರಿನಲ್ಲೂ ಗಂಟಲಿಗೆ ಇಳಿಯುವುದಿಲ್ಲ. ಟೀ ಬಿಡುವ ಮನಸ್ಸಂತೂ ಇಲ್ಲ. ಹಾಗಾಗಿ ಐಸ್ ಟೀಗೆ ಸೋಡಾ ಬೆರೆಸಿ ಕುಡಿಯಲು ಶುರು ಮಾಡಿದೆ. ಹದ ಸಿಗಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಮೊದಲ ಸಲ ಮನೆಯಲ್ಲಿದ್ದ ಪುಡಿಯನ್ನೇ ಚೆನ್ನಾಗಿ ಕುದಿಸಿ, ಸೋಸಿ, ಫ್ರಿಜ್‌ನಲ್ಲಿಟ್ಟೆ. ಎರಡು ಗಂಟೆ ಬಿಟ್ಟು ನೋಡಿದರೆ ಮಣ್ಣು ಕದಡಿದ ನೀರಿನ ಹಾಗಿತ್ತು. ಕುಡಿದರೆ ನಾಲಿಗೆಯೆಲ್ಲ ಒಗರು. ಕುದಿಯುವ ನೀರಿನಲ್ಲಿ ಟೀಯ ಒಗರೂ ಕೆಫೀನೂ ಧಾರಾಳವಾಗಿ ಬಿಟ್ಟುಕೊಳ್ಳುತ್ತವೆ. ತಣ್ಣಗಾದಾಗ ಅವೆರಡೂ ಒಂದಕ್ಕೊಂದು ಕೂಡಿಕೊಂಡು ಮಬ್ಬು ಕಟ್ಟುತ್ತದೆ. ಹಾಲಿನ ಟೀಗೆ ಸಿಟಿಸಿ ಪುಡಿಯಂಥದ್ದು, ಅಂದರೆ ಸಣ್ಣ ಕಾಳುಕಾಳಾದ ಮಾಮೂಲಿ ಟೀ ಪುಡಿಯಂಥದ್ದು, ಇನ್ನೊಂದಿಲ್ಲ, ಒಪ್ಪುತ್ತೇನೆ. ಇದಕ್ಕೆ ಮಾತ್ರ ಎಲೆ ಟೀಯೇ ಆಗಬೇಕು. ಊಟಿ, ಕೂನೂರಿಗೆ ಹೋಗುವವರಿಗೆ ಹೇಳಿ ನೀಲಗಿರಿ ಎಲೆ ತರಿಸಿಕೊಳ್ಳುತ್ತೇನೆ. ತಣ್ಣಗಾದರೂ ತಿಳಿಯಾಗಿರುವುದಕ್ಕೆ ಅದು ಹೆಸರುವಾಸಿ.

ಈಗ ಟೀ ಕುದಿಸುವುದೇ ಇಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರನ್ನು ಗಾಜಿನ ಜಾಡಿಗೆ ಹಾಕಿ, ನಾಲ್ಕು ಟೀ ಚಮಚ ಎಲೆ ಸೇರಿಸಿ ಫ್ರಿಜ್‌ನಲ್ಲಿಡುತ್ತೇನೆ. 8ರಿಂದ 10 ಗಂಟೆ ಸಾಕು. ಬೆಳಿಗ್ಗೆ ನೋಡಿದರೆ ಸುರುಟಿದ್ದ ಎಲೆಗಳೆಲ್ಲ ಬಿಚ್ಚಿಕೊಂಡಿರುತ್ತವೆ, ನೀರಿಗೆ ಜೇನಿನ ಬಣ್ಣ. ಸೋಸುವಾಗ ಎಲೆ ಹಿಂಡಬೇಡಿ, ಬೇಡವೆಂದ ಒಗರು ಅಲ್ಲಿಂದಲೇ ಬರುತ್ತದೆ. ಮುಂದೆ ಸೋಡಾ ಸೇರುವುದರಿಂದ ಟೀ ಸ್ವಲ್ಪ ಗಟ್ಟಿಯಿದ್ದರೇ ಚೆನ್ನ.

ನನ್ನನ್ನು ಹೆಚ್ಚು ಕಾಡಿಸಿದ್ದು ಸೋಡಾ. ಹೊರಗಿಟ್ಟಿದ್ದ ಬಾಟಲಿಯನ್ನೇ ಒಡೆದು ಸುರಿಯುತ್ತಿದ್ದೆ, ಮೇಲಿಂದ ಸಕ್ಕರೆ ಹಾಕಿ ಕಲಕುತ್ತಿದ್ದೆ. ನೊರೆ ಉಕ್ಕಿ ಮೇಜಿನ ಮೇಲೆಲ್ಲ ಚೆಲ್ಲುತ್ತಿತ್ತು, ಲೋಟದಲ್ಲಿ ಉಳಿಯುತ್ತಿದ್ದದ್ದು ಗ್ಯಾಸ್ ಹೋದ ನೀರು. ನೀರು ತಣ್ಣಗಿದ್ದಷ್ಟೂ ಗ್ಯಾಸ್ ಅದರಲ್ಲಿ ನಿಲ್ಲುತ್ತದೆ. ಸಕ್ಕರೆಯ ಒಂದೊಂದು ಕಾಳಿನ ಮೈಮೇಲೂ ಗುಳ್ಳೆ ಹುಟ್ಟಿ ಅದು ಹೊರಟುಹೋಗುತ್ತದೆ. ಇದು ತಿಳಿದ ಮೇಲೆ ಸೋಡಾವನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಸೇರಿಸುತ್ತೇನೆ. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು, ಜಜ್ಜಿದ ಶುಂಠಿ ಒಂದು ತುಂಡು. ಸಕ್ಕರೆ ಕರಗುವಷ್ಟು ಕಾಯಿಸಿ, ಸೋಸಿ, ಆರಿಸಿಟ್ಟುಕೊಳ್ಳುತ್ತೇನೆ. ಎಳೆ ಪಾಕ ಬರಬಾರದು.

ಲೋಟಕ್ಕೆ ಮೊದಲು ಐಸ್, ಎರಡು ಚಮಚ ಪಾಕ, ಅರ್ಧ ಹೋಳು ನಿಂಬೆಹಣ್ಣಿನ ರಸ. ಆಮೇಲೆ ಅರ್ಧ ಲೋಟದವರೆಗೆ ಟೀ. ನಿಂಬೆಯ ಹುಳಿ ತಾಕಿದ ತಕ್ಷಣ ಜೇನಿನ ಬಣ್ಣ ತಿಳಿಹಳದಿಗೆ ತಿರುಗುತ್ತದೆ. ಅದನ್ನು ನೋಡಲೆಂದೇ ಮಗಳು ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ. ಕಲಕುವುದೆಲ್ಲ ಇಲ್ಲಿಗೇ ಮುಗಿಯಬೇಕು. ಕೊನೆಗೆ ಲೋಟ ಓರೆ ಹಿಡಿದು ಅಂಚಿನಿಂದ ನಿಧಾನವಾಗಿ ಸೋಡಾ ಇಳಿಸಿ, ತಳದಿಂದ ಒಂದೇ ಸಲ ಚಮಚ ಎತ್ತುತ್ತೇನೆ.

ಸೋಸಿದ ಟೀ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಒಡೆದ ಸೋಡಾ ಸಂಜೆಯವರೆಗೂ ನಿಲ್ಲುವುದಿಲ್ಲ, ಅದಕ್ಕೇ ದೊಡ್ಡ ಬಾಟಲಿ ತರುವುದು ಬಿಟ್ಟು 300 ಮಿ.ಲೀ.ಯದನ್ನೇ ತರುತ್ತೇನೆ. ಒಂದು ಬಾಟಲಿಗೆ ಎರಡು ಲೋಟ ಆಗುತ್ತದೆ.