ಪಿಕಪ್, ದೊಡ್ಡ ಎಸ್‌ಯುವಿಗಳ ಬ್ರೇಕ್ ಡಿಸ್ಕ್ ಬೇಗ ಸವೆಯುತ್ತಿದೆಯೇ? ಹೊಸದು ಹಾಕುವ ಮುಂಚೆ ಇಷ್ಟು ನೋಡಿ

ಡಿಸ್ಕ್ ಬದಲಾಯಿಸಿ ಏಳೆಂಟು ಸಾವಿರ ಕಿಲೋಮೀಟರ್ ಕಳೆದಿರುವುದಿಲ್ಲ, ಬ್ರೇಕ್ ಒತ್ತಿದರೆ ಮತ್ತೆ ಸ್ಟೀರಿಂಗ್ ಅದುರುತ್ತದೆ, ಪೆಡಲ್ ಕಾಲಿಗೆ ಒದೆಯುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ, ಹೊಸದು ಹಾಕಿ’ ಎಂಬ ಮಾತು ಗ್ಯಾರೇಜಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ಎರಕದ ಕಬ್ಬಿಣದ ಡಿಸ್ಕ್ ನಿಜವಾಗಿ ಬೆಂಡಾಗುವುದು ಅಪರೂಪ. ಬಹುಪಾಲು ಆಗಿರುವುದು ದಪ್ಪದ ಏರುಪೇರು. ಅದಕ್ಕೆ ಕಾರಣವಾದದ್ದು ಡಿಸ್ಕಿನ ಪಕ್ಕದಲ್ಲೇ ಎಲ್ಲೋ ಕೂತಿರುತ್ತದೆ. ಅದನ್ನು ಬಿಟ್ಟು ಡಿಸ್ಕ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಭಾರದ ಗಾಡಿಗಳಲ್ಲಿ ಇದು ಹೆಚ್ಚು ಕಾಣುವುದು ಸಹಜ. ಎರಡೂವರೆ ಟನ್ ಗಾಡಿ ನಿಲ್ಲಿಸುವಾಗ ಹುಟ್ಟುವ ಶಾಖ ಅದರ ಅರ್ಧ ತೂಕದ ಕಾರಿಗಿಂತ ಎರಡು ಪಟ್ಟು. ವೇಗದ ಲೆಕ್ಕ ಇನ್ನೂ ಕಠಿಣ: 80ರ ಬದಲು 100ರಲ್ಲಿ ಓಡುತ್ತಿದ್ದರೆ ಶಾಖ ಶೇ 56ರಷ್ಟು ಜಾಸ್ತಿ. ಸಣ್ಣ ಕಾರು ಸಹಿಸಿಕೊಳ್ಳುವ ತಪ್ಪನ್ನು ಇಲ್ಲಿ ಡಿಸ್ಕ್ ಸಹಿಸುವುದಿಲ್ಲ.

ಹಳೆಯ ಡಿಸ್ಕನ್ನು ಮೊದಲು ಓದಿ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕ್ ಏರಿಸಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಕ್ಯಾಲಿಪರ್ (ಪ್ಯಾಡ್ ಎರಡನ್ನೂ ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿದರೆ ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಬ್ರೇಕ್ ಪುಡಿಯನ್ನು ಏರ್ ಗನ್ನಿನಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಒಳಗಿನ ಪ್ಯಾಡ್ ಹೊರಗಿನದಕ್ಕಿಂತ 2 ಮಿ.ಮೀ. ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್‌ಗಳ ಮೇಲೆ ಅನುಮಾನ ಪಡಿ. ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಎಂದಾದರೆ ಎರಡರಲ್ಲಿ ಒಂದು ಪಿನ್ ಹಿಡಿದುಕೊಂಡಿರಬಹುದು. ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ್ದೇ ಕಪ್ಪು ಅಚ್ಚು ಮೂಡಿದ್ದರೆ, ಬಿಸಿ ಡಿಸ್ಕಿನ ಮೇಲೆ ಬ್ರೇಕ್ ಒತ್ತಿ ಹಿಡಿದು ನಿಂತದ್ದರ ಗುರುತು. ಅಲ್ಲಲ್ಲಿ ನೀಲಿ ಕಲೆ ಇದ್ದರೆ ಅಲ್ಲಿ ಲೋಹ ಅತಿಯಾಗಿ ಕಾದು ಗಟ್ಟಿಯಾಗಿದೆ. ಈ ಗಟ್ಟಿ ಪದರ ಆಳಕ್ಕೆ ಇಳಿದಿರುವುದರಿಂದ ಲೇತ್ ಹೊಡೆಸಿದರೂ (ಯಂತ್ರದಲ್ಲಿ ಮೇಲ್ಮೈ ಕೆರೆಸಿ ಸಮ ಮಾಡಿಸಿದರೂ) ಸ್ವಲ್ಪ ದಿನಕ್ಕೆ ಉಬ್ಬಾಗಿ ಮತ್ತೆ ಕಾಣುತ್ತದೆ. ಅಂಥ ಡಿಸ್ಕ್ ಗುಜರಿಗೆ. ಅಂಚಿನವರೆಗೆ ಬಿರುಕು ತಲುಪಿದ್ದರೂ ಅಷ್ಟೇ.

ಅಳತೆ

ವರ್ನಿಯರ್ ಸಾಲದು. ಸವೆದ ಡಿಸ್ಕಿನ ಅಂಚಿನಲ್ಲಿ ಉಳಿದ ದಿಣ್ಣೆಯ ಮೇಲೆ ಅದರ ದವಡೆ ಕೂತು ಇಲ್ಲದ ದಪ್ಪ ತೋರಿಸುತ್ತದೆ. 25–50 ಮಿ.ಮೀ. ಮೈಕ್ರೋಮೀಟರ್ ತೆಗೆದುಕೊಂಡು, ಹೊರ ಅಂಚಿನಿಂದ 10–15 ಮಿ.ಮೀ. ಒಳಗೆ, ಸುತ್ತಲೂ ಎಂಟು ಕಡೆ ಅಳೆಯಿರಿ. ಅತಿ ದಪ್ಪಕ್ಕೂ ಅತಿ ತೆಳುವಿಗೂ 0.02 ಮಿ.ಮೀ. ವ್ಯತ್ಯಾಸ ಬಂದರೆ ಸಾಕು, ಕಾಲಿಗೆ ಗೊತ್ತಾಗುತ್ತದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಹೊಸತಾಗಿ 28 ಮಿ.ಮೀ. ಇರುವ ಡಿಸ್ಕಿಗೆ ಅದು ಸಾಮಾನ್ಯವಾಗಿ 26ರ ಆಸುಪಾಸು. ಲೇತ್ ಹೊಡೆಸಿದ ಮೇಲೂ ಆ ಅಂಕಿಗಿಂತ ಮೇಲಿರಬೇಕು. ಹೊಡೆಸಿದಷ್ಟೂ ಶಾಖ ಹಿಡಿಯುವ ಲೋಹ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ. ಭಾರ ಎಳೆಯುವ ಗಾಡಿಗೆ ಈ ಉಳಿತಾಯ ಅಷ್ಟಾಗಿ ಗಿಟ್ಟುವುದಿಲ್ಲ.

ಮುಂದಿನದು ರನ್‌ಔಟ್, ಅಂದರೆ ತಿರುಗುವಾಗ ಡಿಸ್ಕ್ ಎಡಬಲಕ್ಕೆ ಎಷ್ಟು ಓಲಾಡುತ್ತದೆ ಎಂಬುದು. ಮೊದಲು ವೀಲ್ ಬೇರಿಂಗಿನಲ್ಲಿ ಆಟ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಡಿಸ್ಕನ್ನು ವಾಷರ್ ಕೊಟ್ಟು ಎಲ್ಲ ನಟ್‌ಗಳಿಂದ ಬಿಗಿದು, ಡಯಲ್ ಗೇಜಿನ (ಮೊನೆ ಡಿಸ್ಕಿಗೆ ತಾಗಿಸಿ ಓಲಾಟ ಅಳೆಯುವ ಸಾಧನ) ಅಯಸ್ಕಾಂತದ ಬುಡವನ್ನು ಸಸ್ಪೆನ್ಷನ್ನಿನ ಗಟ್ಟಿ ಭಾಗಕ್ಕೆ ಕೂರಿಸಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಹೆಚ್ಚಿನ ಗಾಡಿಗಳಿಗೆ 0.05 ಮಿ.ಮೀ. ಆಸುಪಾಸಿನಲ್ಲೇ ಮಿತಿ, ನಿಮ್ಮ ಗಾಡಿಯ ಸರ್ವೀಸ್ ಮ್ಯಾನುವಲ್ ಹೇಳಿದ್ದೇ ಅಂತಿಮ.

ಇಷ್ಟು ಸಣ್ಣ ಓಲಾಟಕ್ಕೆ ಇಷ್ಟು ತಲೆಬಿಸಿ ಏಕೆ? 31 ಇಂಚಿನ ಟೈರು ಕಿಲೋಮೀಟರಿಗೆ ಸುಮಾರು 400 ಸುತ್ತು ತಿರುಗುತ್ತದೆ. ಓಲಾಡುವ ಡಿಸ್ಕಿನ ಒಂದೇ ಜಾಗ, ಬ್ರೇಕ್ ಒತ್ತದೇ ಇರುವಾಗಲೂ, ಸುತ್ತಿಗೊಮ್ಮೆ ಪ್ಯಾಡಿಗೆ ತಾಗುತ್ತದೆ. ಏಳು ಸಾವಿರ ಕಿಲೋಮೀಟರಿಗೆ 28 ಲಕ್ಷ ಸಲ. ಆ ಜಾಗ ತೆಳುವಾಗದೆ ಏನು ಮಾಡೀತು! ಹಾಕಿದ ದಿನ ಚೆನ್ನಾಗಿದ್ದ ಡಿಸ್ಕ್ ಕೆಲವು ತಿಂಗಳಿಗೆ ಅದುರಲು ಶುರುಮಾಡುವುದರ ಗುಟ್ಟು ಇದೇ.

ಹಬ್ ಮತ್ತು ನಟ್: ಹೆಚ್ಚಿನ ತಪ್ಪು ಇಲ್ಲೇ

ಆರು ಸ್ಟಡ್‌ಗಳ ಹಲವು ಪಿಕಪ್‌ಗಳಲ್ಲಿ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ವೃತ್ತದ ವ್ಯಾಸ 139.7 ಮಿ.ಮೀ. ಹಬ್ಬಿನ (ಡಿಸ್ಕ್, ಚಕ್ರ ಕೂರುವ ನಡುಭಾಗ) ಮುಖದಲ್ಲಿ, ಆ ವೃತ್ತದ ಒಂದು ಬದಿಗೆ 0.05 ಮಿ.ಮೀ. ತುಕ್ಕಿನ ಚಕ್ಕೆ ಉಳಿದರೆ 320 ಮಿ.ಮೀ. ಡಿಸ್ಕಿನ ಅಂಚಿನಲ್ಲಿ ಅದು 0.11 ಆಗುತ್ತದೆ. ಮಿತಿಯ ಎರಡು ಪಟ್ಟು, ಡಿಸ್ಕಿನ ತಪ್ಪು ಎಳ್ಳಷ್ಟೂ ಇಲ್ಲದೆ. ಆದ್ದರಿಂದ ವೈರ್ ಬ್ರಷ್, ಎಮರಿ ಬಟ್ಟೆಯಿಂದ ಹಬ್ಬಿನ ಮುಖವನ್ನು, ವಿಶೇಷವಾಗಿ ಸ್ಟಡ್‌ಗಳ ಬುಡವನ್ನು, ಲೋಹ ಹೊಳೆಯುವ ತನಕ ಉಜ್ಜಿ. ಬೆರಳಿನ ಉಗುರು ಎಳೆದರೆ ಎಲ್ಲೂ ತಡೆಯಬಾರದು.

ಆಮೇಲೂ ರನ್‌ಔಟ್ ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ ಮುಂದಕ್ಕೆ ಸರಿಸಿ ಮತ್ತೆ ಅಳೆಯಿರಿ. ಆರು ಸ್ಟಡ್ ಇದ್ದರೆ ಆರು ಅವಕಾಶ. ಕಡಿಮೆ ಓದು ಬಂದ ಜಾಗಕ್ಕೆ ಗುರುತು ಹಾಕಿ. ಯಾವ ಜಾಗದಲ್ಲೂ ಇಳಿಯದಿದ್ದರೆ ಗೇಜನ್ನು ನೇರ ಹಬ್ಬಿನ ಮುಖಕ್ಕೇ ಇಟ್ಟು ನೋಡಿ, ಓಲಾಟ ಹಬ್ಬಿನದ್ದೇ ಇರಬಹುದು.

ಇನ್ನು ನಟ್. ಇಂಪ್ಯಾಕ್ಟ್ ಗನ್ನಿನಿಂದ ಗರ್‍ರೆಂದು ಒಂದೊಂದನ್ನೇ ಪೂರ್ತಿ ಬಿಗಿದರೆ ಡಿಸ್ಕ್ ಹಬ್ಬಿನ ಮೇಲೆ ಓರೆಯಾಗಿ ಕೂರುತ್ತದೆ. ಎದುರುಬದುರಾಗಿ, ಮೊದಲು ಅರ್ಧ ಬಿಗಿತಕ್ಕೆ, ಆಮೇಲೆ ಪೂರ್ತಿಗೆ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಗಾಡಿಯಿಂದ ಗಾಡಿಗೆ ಸುಮಾರು 100ರಿಂದ 200 ನ್ಯೂಟನ್ ಮೀಟರ್‌ವರೆಗೆ ಬದಲಾಗುವುದರಿಂದ ಅಂದಾಜಿನಲ್ಲಿ ಹೋಗಬೇಡಿ. ಪಂಕ್ಚರ್ ಹಾಕಿಸಿದಾಗಲೂ ಇದೇ ನಿಯಮ. ಒಳ್ಳೆಯ ಡಿಸ್ಕ್ ಹಾಳಾಗುವುದು ಎಷ್ಟೋ ಸಲ ಟೈರಿನ ಕೆಲಸವಾದ ಮೇಲೆ.

ಬ್ರೇಕ್ ಹಿಡಿದುಕೊಂಡೇ ಇದ್ದರೆ

ಬ್ರೇಕನ್ನು ಆದಷ್ಟು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎಡ ಬಲ ಡಿಸ್ಕ್‌ಗಳನ್ನು ಹೋಲಿಸಿ. ಒಂದು ಬದಿ 30–40 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬಿಗಿ ಇದೆಯೇ? ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಎಣ್ಣೆ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಹಗುರಾದರೆ ಲೈನಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ: ಒಂದೇ ಚಕ್ರಕ್ಕಾದರೆ ಒಳಗೆ ಊದಿಕೊಂಡ ರಬ್ಬರ್ ಹೋಸ್, ಎರಡೂ ಬದಿಗಾದರೆ ಪೆಡಲ್ ಒತ್ತಿದಾಗ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರಿನ ಕಡೆ ನೋಡಿ. ನಿಪ್ಪಲ್ ಸಡಿಲಿಸಿದರೂ ಹಗುರಾಗದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಜಾಮ್ ಆಗಿದೆ.

ಪಿನ್ ಹೊರಗೆಳೆದು, ಹಳೆಯ ಗ್ರೀಸ್ ಪೂರ್ತಿ ತೆಗೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಸಾಮಾನ್ಯ ಚಾಸಿಸ್ ಗ್ರೀಸ್ ರಬ್ಬರನ್ನು ಊದಿಸಿ ಪಿನ್ನನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿಸುತ್ತದೆ. ಪ್ಯಾಡ್ ಕೂರುವ ಸ್ಟೀಲ್ ಕ್ಲಿಪ್‌ಗಳನ್ನೂ ತೆಗೆಯಿರಿ. ಅವುಗಳ ಅಡಿಯಲ್ಲಿ ಬೆಳೆದ ತುಕ್ಕು ಪ್ಯಾಡಿನ ಕಿವಿಯನ್ನು ಅದುಮಿ ಹಿಂದೆ ಸರಿಯಲು ಬಿಡುವುದಿಲ್ಲ.

ಮುಂದಿನ ಎರಡೂ ಡಿಸ್ಕ್ ಸಮವಾಗಿ, ಆದರೆ ಬೇಗ ಸವೆಯುತ್ತಿದ್ದರೆ ಹಿಂದಕ್ಕೆ ಹೋಗಿ. ಬಹಳಷ್ಟು ಪಿಕಪ್‌ಗಳಿಗೆ ಹಿಂದೆ ಡ್ರಮ್ ಬ್ರೇಕ್. ಅದರ ಸ್ವಯಂ ಅಡ್ಜಸ್ಟರ್ ತುಕ್ಕು ಹಿಡಿದಿದ್ದರೆ ಇಡೀ ಭಾರ ಮುಂದಿನ ಡಿಸ್ಕಿಗೇ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಕಡ್ಡಿ ಕೊಟ್ಟ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಸಸ್ಪೆನ್ಷನ್ ಎತ್ತರಿಸಿ ಆ ಕಡ್ಡಿ ಹೊಂದಿಸದೆ ಬಿಟ್ಟರೆ, ವಾಲ್ವ್ ಗಾಡಿ ಖಾಲಿ ಇದೆಯೆಂದೇ ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ದೊಡ್ಡ ಟೈರ್ ಹಾಕಿದ್ದರೆ ಅದೂ ಮುಂದಿನ ಬ್ರೇಕಿನ ಕೆಲಸ ಹೆಚ್ಚಿಸುತ್ತದೆ.

ಹಾಕಿದ ಮೇಲೆ

ಡಿಸ್ಕ್ ಯಾವಾಗಲೂ ಜೋಡಿಯಾಗಿಯೇ, ಹೊಸ ಪ್ಯಾಡಿನೊಂದಿಗೆ ಹಾಕಿ. ಕಾರ್ಖಾನೆಯಲ್ಲಿ ಸವರಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೆಗೆಯದಿದ್ದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮುಂದೆ ಬರುವವರೆಗೆ ಬ್ರೇಕೇ ಇರುವುದಿಲ್ಲ.

ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಮಧ್ಯಮ ಒತ್ತಿನಲ್ಲಿ, ಪೂರ್ತಿ ನಿಲ್ಲಿಸದೆ ಎಂಟು ಹತ್ತು ಸಲ ಇಳಿಸಿ. ನಡುನಡುವೆ ಅರ್ಧ ನಿಮಿಷ ಹಾಗೇ ಓಡಲಿ. ಪ್ಯಾಡ್ ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ.

ಇಳಿಜಾರಿನಲ್ಲಿ ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಕೆಳಗಿನ ಗೇರಿಗೆ ಹಾಕಿ ಎಂಜಿನ್ ಹಿಡಿಯಲಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಕೆಳಗೆ ಬಂದು ನಿಂತಾಗ ಮುಂದೆ ಜಾಗವಿದ್ದರೆ ಪೆಡಲ್ ಬಿಟ್ಟು ಗಾಡಿ ಒಂದಡಿ ತೆವಳಲಿ. ಕಾದ ಪ್ಯಾಡ್ ಒಂದೇ ಜಾಗಕ್ಕೆ ಅಂಟಿ ಕೂರುವುದಿಲ್ಲ. ನೂರು ಕಿಲೋಮೀಟರ್ ಆದಮೇಲೆ ಟಾರ್ಕ್ ರೆಂಚ್ ತೆಗೆದು ನಟ್‌ಗಳನ್ನು ಇನ್ನೊಮ್ಮೆ ನೋಡಿ.