ಲೆಕ್ಕವನ್ನು ನಾಳೆಗೆ ತಳ್ಳುವ ಮಗುವನ್ನು ಕೂರಿಸುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ನಾನು ಮನೆಪಾಠ ಹೇಳುತ್ತಿದ್ದೆ. ಲೆಕ್ಕದ ಪುಸ್ತಕ ಹೊರಬಂದೊಡನೆ ಅವಳಿಗೆ ಪೆನ್ಸಿಲ್ ಚೂಪು ಮಾಡಬೇಕೆನಿಸುತ್ತಿತ್ತು, ಅದಾದ ಮೇಲೆ ನೀರಡಿಕೆ, ಕೊನೆಗೆ "ನಾಳಿ ಮಾಡ್ತೇನ್ರಿ ಸರ್". ಮನೆಯವರು ಇದನ್ನು ಮೈಗಳ್ಳತನ ಎನ್ನುತ್ತಿದ್ದರು. ಆದರೆ ಸಮಾಜ ವಿಜ್ಞಾನದ ಟಿಪ್ಪಣಿಯನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸುವವಳನ್ನು ಹಾಗೆ ಕರೆಯುವುದು ನ್ಯಾಯವಲ್ಲ.

ಇದರ ಬೇರು ಲೆಕ್ಕದ ಹೆದರಿಕೆ. ಪುಸ್ತಕ ಮುಚ್ಚಿದ ಕ್ಷಣ ಎದೆ ಹಗುರಾಗುತ್ತದೆ, ಆ ನೆಮ್ಮದಿಯ ರುಚಿ ಹತ್ತಿದ ಮನಸ್ಸು ಮರುದಿನವೂ ಅದನ್ನೇ ಬಯಸುತ್ತದೆ, ಅಭ್ಯಾಸ ತಪ್ಪಿದ್ದರಿಂದ ಕಿರುಪರೀಕ್ಷೆಯಲ್ಲಿ ಅಂಕ ಇಳಿದು ಹೆದರಿಕೆ ಇಮ್ಮಡಿಯಾಗುತ್ತದೆ. ಹೆದರಿಕೆಗೂ ತಪ್ಪಿಗೂ ನೇರ ನಂಟಿದೆ. ದಶಕ ಸಹಿತ ಸಂಕಲನದಂತಹ, ಮನಸ್ಸಿನಲ್ಲಿ ಏನನ್ನಾದರೂ ಹಿಡಿದಿಟ್ಟುಕೊಳ್ಳಬೇಕಾದ ಲೆಕ್ಕಗಳಲ್ಲಿ ಆತಂಕವುಳ್ಳವರು ಹೆಚ್ಚು ಎಡವುತ್ತಾರೆಂದು ಮನೋವಿಜ್ಞಾನದ ಸಂಶೋಧಕರಾದ ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ತೋರಿಸಿದರು. ಹಾಗೆ ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿ ಬೇಕಾದ ಜಾಗವನ್ನು ಚಿಂತೆಯೇ ಆಕ್ರಮಿಸಿರುತ್ತದೆ.

ಆದ್ದರಿಂದ "ಅಧ್ಯಾಯ ಮುಗಿಸು" ಎನ್ನದೆ ಮೊದಲ ಸಾಲನ್ನಷ್ಟೇ ಕೇಳಿರಿ. 3, 7, 11, 15 ಎಂಬ ಸಮಾಂತರ ಶ್ರೇಢಿಯ 20ನೆಯ ಪದ ಬೇಕೆಂದಾಗ ನಾನು ಅವಳಿಂದ ಬರೆಸಿದ್ದು ಎರಡೇ ಸಂಗತಿ: ಮೊದಲ ಪದ 3, ಸಾಮಾನ್ಯ ವ್ಯತ್ಯಾಸ 4. ಅಲ್ಲಿಗೇ ನಿಲ್ಲಿಸಬಹುದೆಂದರೂ ಅವಳು ನಿಲ್ಲಿಸಲಿಲ್ಲ, 20 ಸಲ 4 ಕೂಡಿಸಿ 83 ಎಂದಳು. ಕೆಂಪು ಗೆರೆ ಎಳೆಯುವ ಬದಲು ಪದಗಳ ನಡುವಿನ ಜಿಗಿತಗಳನ್ನು ಬೆರಳಿನಿಂದ ಎಣಿಸಲು ಹೇಳಿದೆ. ನಾಲ್ಕು ಪದಗಳ ನಡುವೆ ಮೂರೇ ಜಿಗಿತಗಳಿದ್ದುದನ್ನು ಕಂಡು ತಾನೇ 19 ಎಂದು ತಿದ್ದಿ 79 ಬರೆದಳು. ತಪ್ಪು ಇದ್ದುದು ಎಣಿಕೆಯಲ್ಲಿ, ತಲೆಯಲ್ಲಲ್ಲ ಎಂಬುದು ಅವಳಿಗೆ ಅಂದು ಕಣ್ಣಿಗೇ ಕಂಡಿತು.

ಪರೀಕ್ಷೆಗೆ ಮುನ್ನ ಹತ್ತು ನಿಮಿಷ ಮಗುವಿನಿಂದ ಅದರ ಭಯವನ್ನು ಹಾಳೆಯ ಮೇಲೆ ಬರೆಸುವುದೂ ಉಪಯುಕ್ತ. ಇದೇ ಕ್ಷೇತ್ರದ ಸಂಶೋಧಕರಾದ ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ಬರೆದ ಆತಂಕದ ವಿದ್ಯಾರ್ಥಿಗಳ ಅಂಕ ಸುಧಾರಿಸಿತ್ತು. "ನನಗೂ ಲೆಕ್ಕ ಬರತಿರಲಿಲ್ಲ ಬಿಡವಾ" ಎಂಬ ಸಮಾಧಾನವನ್ನು ಮಾತ್ರ ತಾಯಂದಿರು ದಯವಿಟ್ಟು ಹೇಳಬೇಡಿರಿ, ಮಗು ಅದನ್ನು ಮನೆತನದ ಹಣೆಬರಹವೆಂದು ತಿಳಿಯುತ್ತದೆ.

ರಾತ್ರಿ ಪುಸ್ತಕ ಮುಚ್ಚುವ ಮೊದಲು ನಾಳೆಯ ಲೆಕ್ಕದ ಪ್ರಶ್ನೆಯನ್ನೂ ದತ್ತಾಂಶದ ಸಾಲನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿಡಿರಿ. ಮರುದಿನ ಸಂಜೆ ಅವಳು ಖಾಲಿ ಪುಟದೆದುರು ಕೂರಬೇಕಾಗಿ ಬರುವುದಿಲ್ಲ.