ಬಾಗಿಲ ಮೇಲಿನ ‘ಸಿ’: ಹಳೆಯ ಹಾಟ್ ರಾಡ್‌ನ ವರ್ಗ ಕಂಡುಕೊಂಡ ನನ್ನ ಅನುಭವ

ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ನಮ್ಮ ನೆರೆಯವರ ಶೆಡ್ಡಿನಲ್ಲಿ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು, ಅಂದರೆ ಹಾಟ್ ರಾಡ್ ಆದ 1932ರ ಫೋರ್ಡ್ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ ತೆರೆದ ಕಾರು) ಒಂದು ದಶಕಗಳಿಂದ ಟಾರ್ಪಾಲಿನ ಕೆಳಗೆ ನಿಂತಿತ್ತು. ಅವರ ತಂದೆ ಅದನ್ನು ಎಲ್ ಮಿರಾಜ್‌ನ ಒಣಗಿದ ಕೆರೆಯಂಗಳದಲ್ಲಿ ವೇಗದ ಓಟಕ್ಕೆ ಇಳಿಸಿದ್ದರು. ಇಂಥ ಓಟದಲ್ಲಿ ಎಂಜಿನ್ನಿನ ಅಳತೆ, ಬಾಡಿ, ಇಂಧನ ನೋಡಿ ಕಾರುಗಳನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಅದು ಅಂದು ಯಾವ ವರ್ಗದಲ್ಲಿ ಓಡಿತ್ತು, ಇಂದು ಓಡಿಸುವುದಾದರೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಗೊತ್ತುಮಾಡುವ ಕೆಲಸ ಮೆಕ್ಯಾನಿಕಲ್ ಇಂಜಿನಿಯರ್ ಆದ ನನ್ನ ಪಾಲಿಗೆ ಬಂತು. ಓಡಿದ ವೇಗವನ್ನೂ ದಿನಾಂಕವನ್ನೂ ಕೆತ್ತಿ ಕೊಡುತ್ತಿದ್ದ ಪುಟ್ಟ ಲೋಹದ ಫಲಕ ಡ್ಯಾಶ್‌ಬೋರ್ಡಿನಲ್ಲಿ ಉಳಿದಿರಲಿಲ್ಲ. ಅದನ್ನು ಕೂರಿಸಿದ್ದ ಎರಡು ತೂತುಗಳಷ್ಟೇ ಇದ್ದವು. ಬಾಗಿಲ ಮೇಲೆ, ನಂತರ ಬಳಿದ ಬಣ್ಣದ ಅಡಿಯಿಂದ, ಓರೆ ಬೆಳಕಿನಲ್ಲಿ ಮಾತ್ರ ಕಾಣುವಂತೆ, ‘ಸಿ’ ಅಕ್ಷರದ ಅಂಚು ಉಬ್ಬಿಕೊಂಡಿತ್ತು.

ಆ ಅಕ್ಷರವೇ ನೆರೆಯವರನ್ನು ದಾರಿ ತಪ್ಪಿಸಿತ್ತು. ಈ ಓಟಗಳನ್ನು ನಡೆಸುವ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್‌ನ ಇಂದಿನ ನಿಯಮದಲ್ಲಿ ಸಿ ಎಂದರೆ 306ರಿಂದ 372.99 ಕ್ಯೂಬಿಕ್ ಇಂಚಿನ (ಪಿಸ್ಟನ್‌ಗಳೆಲ್ಲ ಸರಿದಾಡುವ ಜಾಗದ ಒಟ್ಟು ಗಾತ್ರ) ಎಂಜಿನ್. ಕಾರಿನಲ್ಲಿದ್ದದ್ದು ಫೋರ್ಡಿನ ಫ್ಲಾಟ್‌ಹೆಡ್ ವಿ8, ಅಂದರೆ ವಾಲ್ವ್‌ಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಇರುವ ಎಂಟು ಸಿಲಿಂಡರಿನ ಎಂಜಿನ್. ಅದು ಅಷ್ಟು ದೊಡ್ಡದಲ್ಲ. ಆದ್ದರಿಂದ ತಂದೆ ಓಡಿಸಿದ ಎಂಜಿನ್ ಎಲ್ಲೋ ಕಳೆದುಹೋಗಿದೆ ಎಂದು ನಂಬಿ ಅವರು ದೊಡ್ಡ ಎಂಜಿನ್ ಹುಡುಕಲು ಹೊರಟಿದ್ದರು. ಕೊಳ್ಳುವ ಮೊದಲು ಇರುವುದನ್ನು ಅಳೆಯೋಣ ಎಂದು ನಾನು ತಡೆದೆ.

ಬ್ಲಾಕಿನ ಹಿಂಬದಿಯಲ್ಲಿ ‘59ಎ’ ಎಂಬ ಎರಕದ ಗುರುತು ಇತ್ತು. ಕಾರ್ಖಾನೆಯಿಂದ ಬಂದಾಗ ಅದು 239 ಕ್ಯೂಬಿಕ್ ಇಂಚಿನದು: ಬೋರ್ (ಸಿಲಿಂಡರಿನ ಒಳವ್ಯಾಸ) 3.1875 ಇಂಚು, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸರಿಯುವ ದೂರ) 3.75 ಇಂಚು. ಹೆಡ್ ಬಿಚ್ಚಿ ಬೋರ್ ಅಳೆದಾಗ, ಪಿಸ್ಟನ್ ರಿಂಗುಗಳು ಉಜ್ಜದ ಕೆಳತುದಿಯಲ್ಲಿ 3.3125 ಇಂಚು ಸಿಕ್ಕಿತು. ಅಂದರೆ ಎಂಟನೇ ಒಂದು ಇಂಚಿನಷ್ಟು ಕೊರೆದು ಹಿಗ್ಗಿಸಿದ್ದರು. ಮೇಲ್ಭಾಗದಲ್ಲಿ ಸವೆತದಿಂದ ಒಂದೂವರೆ ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಹೆಚ್ಚು ಬಂದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಸ್ಟ್ರೋಕನ್ನು ಅಳೆಯದೆ, ಎರಕದ ಗುರುತನ್ನು ನಂಬಿ 3.75 ಎಂದೇ ಹಿಡಿದೆ. ಉತ್ತರ 258.5 ಬಂತು.

ಆ ರಾತ್ರಿ ಲೆಕ್ಕ ಮತ್ತೆ ಮತ್ತೆ ಕಾಡಿತು, ಏಕೆಂದರೆ ಆ ಸಂಖ್ಯೆಗೆ ಸಿ ಎಂಬ ಅಕ್ಷರ ಯಾವ ರೀತಿಯಲ್ಲೂ ಹೊಂದುತ್ತಿರಲಿಲ್ಲ. ಮರುದಿನ ಪಿಸ್ಟನ್ನನ್ನು ಮೇಲಿನ ಕೊನೆಗೂ ಕೆಳಗಿನ ಕೊನೆಗೂ ತಂದು, ಬ್ಲಾಕಿನ ಮೇಲ್ಮೈಯಿಂದ ಡೆಪ್ತ್ ಗೇಜಿನಲ್ಲಿ ಅಳೆದೆ. ಎರಡರ ಅಂತರ ಸರಿಯಾಗಿ 4 ಇಂಚು. 59ಎ ಬ್ಲಾಕಿನೊಳಗೆ ಯಾರೋ 1949ರ ನಂತರದ ಮರ್ಕ್ಯುರಿ (ಫೋರ್ಡಿನದೇ ಇನ್ನೊಂದು ಬ್ರ್ಯಾಂಡ್) ಕಾರಿನ ಕ್ರ್ಯಾಂಕ್‌ಶಾಫ್ಟನ್ನು, ಅಂದರೆ ಸ್ಟ್ರೋಕಿನ ಉದ್ದವನ್ನು ನಿರ್ಧರಿಸುವ ತಿರುಗುವ ದಂಡವನ್ನು, ಕೂರಿಸಿದ್ದರು. ಆ ಕಾಲದ ಹಾಟ್ ರಾಡ್ ಕಟ್ಟುವವರಿಗೆ ಇದು ಬಹಳ ಪ್ರಿಯವಾದ ಜೋಡಣೆ. ಬೋರನ್ನು ಬೋರಿನಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ (ಪೈನ ಕಾಲು ಭಾಗ), ಸ್ಟ್ರೋಕಿನಿಂದ, ಎಂಟು ಸಿಲಿಂಡರಿನಿಂದ ಗುಣಿಸಿದಾಗ 275.8, ಅಂದರೆ ಫ್ಲಾಟ್‌ಹೆಡ್ ಬಲ್ಲವರೆಲ್ಲ ‘276’ ಎಂದು ಕರೆಯುವ ಎಂಜಿನ್.

ಇನ್ನು ಉಳಿದದ್ದು ಅಕ್ಷರ. ಇಂದು ಎಂಜಿನ್ ದೊಡ್ಡದಾದಷ್ಟೂ ಅಕ್ಷರ ‘ಎ’ ಕಡೆಗೆ ಸರಿಯುತ್ತದೆ; ಅಂದು ಕ್ರಮ ತಲೆಕೆಳಗಾಗಿತ್ತು, ‘ಎ’ ಎಂದರೆ ಚಿಕ್ಕದು. ಇದಕ್ಕೆ ಒಳ್ಳೆಯ ಸಾಕ್ಷಿ ಅಲೆಕ್ಸ್ ಕ್ಸಿಡಿಯಾಸ್ ಅವರ ಸೋ-ಕ್ಯಾಲ್ ಸ್ಪೀಡ್ ಶಾಪ್‌ (ವೇಗದ ಕಾರಿನ ಬಿಡಿಭಾಗಗಳ ಅಂಗಡಿ) ಕಟ್ಟಿದ ಲೇಕ್‌ಸ್ಟರ್, ಅಂದರೆ ಚಕ್ರಗಳು ಹೊರಗೆ ಬಯಲಾಗಿರುವ ಓಟದ ಕಾರು. ಯುದ್ಧವಿಮಾನದ ಇಂಧನದ ತೊಟ್ಟಿಯಿಂದ ಕಟ್ಟಿದ ಆ ಕಾರು 1952ರಲ್ಲಿ ಯೂಟಾ ರಾಜ್ಯದ ಬಾನವಿಲ್‌ನ ಉಪ್ಪಿನ ಬಯಲಿನಲ್ಲಿ ಮೂರು ಎಂಜಿನ್‌ಗಳನ್ನು ಬದಲಿಸಿಕೊಂಡು ಓಡಿತು: 156 ಕ್ಯೂಬಿಕ್ ಇಂಚಿನದು ಎ ವರ್ಗದಲ್ಲಿ, 259ರದು ಬಿ ವರ್ಗದಲ್ಲಿ, 302ರದು ಸಿ ವರ್ಗದಲ್ಲಿ, ಕೊನೆಯದರ ವೇಗ ಗಂಟೆಗೆ 198 ಮೈಲಿ ದಾಟಿತ್ತು. 259, 302 ಎಂಬ ಅಳತೆಗಳು ಇಂದಿನ ನಿಯಮದ 260.99, 305.99ರ ಗಡಿಗಳಿಗೆ ಸ್ವಲ್ಪ ಒಳಗೇ ನಿಲ್ಲುತ್ತವೆ ಎಂಬುದನ್ನು ಗಮನಿಸಿದಾಗ, ಗಡಿಗಳು ಅವೇ ಉಳಿದು ಅಕ್ಷರಗಳಷ್ಟೇ ತಿರುಗಿವೆ ಎಂದು ನನಗೆ ಮನವರಿಕೆಯಾಯಿತು. ನಮ್ಮ 276 ಆ ಎರಡು ಗಡಿಗಳ ನಡುವೆ, ಅಂದರೆ ಹಳೆಯ ಸಿ ವರ್ಗದಲ್ಲೇ, ಕೂರುತ್ತದೆ. ನಾನು ಮೊದಲು ತಪ್ಪಾಗಿ ಪಡೆದ 258.5 ಮಾತ್ರ ಕಾರನ್ನು ಬಿ ವರ್ಗಕ್ಕೆ ತಳ್ಳುತ್ತಿತ್ತು. ಬಾಗಿಲ ಅಕ್ಷರವೂ ಎಂಜಿನ್ನೂ ಒಂದಕ್ಕೊಂದು ಸೇರಿದ್ದೇ ಎಂದು ಹೇಳಿದಾಗ ನೆರೆಯವರು ಬಹಳ ಹೊತ್ತು ಬ್ಲಾಕಿನ ಮೇಲೆ ಕೈಯಿಟ್ಟು ನಿಂತಿದ್ದರು.

ಇಂದಿನ ವರ್ಗ ಗೊತ್ತುಮಾಡುವುದು ಅಷ್ಟು ಕಷ್ಟವಾಗಲಿಲ್ಲ. ಅಳತೆಯೊಂದನ್ನೇ ನೋಡಿದರೆ ಇದು ಡಿ. ಆದರೆ ಹಾಗೆ ಇಳಿದರೆ ಆಧುನಿಕ ಎಂಜಿನ್‌ಗಳ ಜೊತೆ ಸೆಣಸಬೇಕು. ಫೋರ್ಡ್, ಮರ್ಕ್ಯುರಿ ಫ್ಲಾಟ್‌ಹೆಡ್ ವಿ8ಗಳಿಗೆಂದೇ 325 ಕ್ಯೂಬಿಕ್ ಇಂಚಿನವರೆಗೆ ‘ಎಕ್ಸ್‌ಎಫ್’ ಎಂಬ ವರ್ಗವಿದೆ, ನಮ್ಮದಕ್ಕೆ ಅದೇ ಸರಿ. ವಾಲ್ವ್‌ಗಳನ್ನು ಮೇಲಕ್ಕೆ ಒಯ್ಯುವ, ಆರ್ಡನ್‌ನಂಥ ಓವರ್‌ಹೆಡ್ ವಾಲ್ವ್ ಹೆಡ್ ಕೂರಿಸಿದ್ದರೆ ‘ಎಕ್ಸ್‌ಎಕ್ಸ್‌ಎಫ್’ ಆಗುತ್ತಿತ್ತು. ಬಾಡಿಯ ಅಗಲ, ಎತ್ತರ, ಆಕಾರ ಯಾವುದನ್ನೂ ಕತ್ತರಿಸಿರಲಿಲ್ಲ, ಎಂಜಿನ್ನನ್ನು ಹಿಂದಕ್ಕೆ ಸರಿಸಿರಲಿಲ್ಲ. ಹಾಗಾಗಿ ಮಾಡಿಫೈಡ್ ರೋಡ್‌ಸ್ಟರ್ ಅಲ್ಲ. ದೀಪಗಳಿಲ್ಲದ್ದರಿಂದ ಸ್ಟ್ರೀಟ್ ರೋಡ್‌ಸ್ಟರ್ ಕೂಡ ಅಲ್ಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರಲಿಲ್ಲ, ಹಾಗಾಗಿ ಅದರ ವರ್ಗವೂ ಅಲ್ಲ.

ಕೊನೆಯ ಪ್ರಶ್ನೆ ಇಂಧನದ್ದು. ಗಾಳಿಗೆ ಇಂಧನ ಬೆರೆಸುವ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರಿನಲ್ಲಿ ಇಂಧನ ಹರಿಯುವ ಜೆಟ್‌ನ ಮೂಲ ತೂತು 0.045 ಇಂಚು, ಇದರಲ್ಲಿ 0.070ರ ಡ್ರಿಲ್ ಬಿಟ್ ಸಲೀಸಾಗಿ ಇಳಿಯಿತು. ತೂತಿನ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಅದೇ ಗಾಳಿಗೆ ಪೆಟ್ರೋಲಿನ ಎರಡು ಪಟ್ಟಿಗೂ ಮೀರಿ ಬೇಡುವ ಮೆಥನಾಲ್‌ಗಾಗಿಯೇ ಹೀಗೆ ಕೊರೆದಿರಬೇಕು. ತಂದೆ ಸುಟ್ಟದ್ದನ್ನೇ ತಾನೂ ಸುಡುವೆನೆಂದು ನೆರೆಯವರು ತೀರ್ಮಾನಿಸಿದ್ದರಿಂದ ಕಾರು ಫ್ಯೂಯಲ್ ರೋಡ್‌ಸ್ಟರ್ (ಎಫ್‌ಆರ್), ಅಂದರೆ ಪೆಟ್ರೋಲಲ್ಲದ ಇಂಧನ ಸುಡುವ ರೋಡ್‌ಸ್ಟರ್, ಆಯಿತು. ‘ಎಕ್ಸ್‌ಎಫ್/ಎಫ್‌ಆರ್’ ಎಂಬ ಹೊಸ ಅಕ್ಷರಗಳನ್ನು, ಹಳೆಯ ‘ಸಿ’ ಮುಚ್ಚಿಹೋಗದಂತೆ, ಅದರ ಕೆಳಗೆ ಬರೆಸಿದ್ದೇವೆ.